ಸಾವಧಾನಪುರದ ರಾಜರೋಗ

ತೀರಾ ಹಿಂದೆಯೂ ಅಲ್ಲ, ನಿನ್ನೆ ಮೊನ್ನೆಯೂ ಅಲ್ಲ, ಈ ಕಥೆ ಅಚ್ಚುಹಾಕಿದ ಪತ್ರಿಕೆಯ ಮೇಲೆ ಯಾರೂ ಮೊಕದ್ದಮೆ ಹೂಡಲಾರದಷ್ಟು ಹಿಂದೆ, ಸಾವಧಾನಪುರವೆಂಬ ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಏಕಾಗ್ರವರ್ಮನು ಆಳುತ್ತಿದ್ದನು. ಆಳುತ್ತಿದ್ದನು ಎಂದರೆ, ಆಳಲು ಆರಂಭಿಸಿದ್ದನು. ಆರಂಭಿಸುವುದರಲ್ಲಿ ಆತನಿಗೆ ಸಮಾನರಿರಲಿಲ್ಲ. ನದಿಗೆ ಸೇತುವೆ ಕಟ್ಟಿಸಲು ಆರಂಭಿಸಿ, ಅಷ್ಟರಲ್ಲಿ ನೀರಿನಿಂದ ಮೀನೊಂದು ನೆಗೆದದ್ದನ್ನು ಕಂಡು ಮತ್ಸ್ಯೋದ್ಯಮ ನಿಗಮವನ್ನು ಆರಂಭಿಸಿ, ಅದರ ಉದ್ಘಾಟನೆಗೆ ಹೊರಟವನು ದಾರಿಯಲ್ಲಿ ಸಿಕ್ಕ ಗುಡ್ಡಕ್ಕೆ ಮೆಟ್ಟಿಲು ಕಡಿಸಲು ಆರಂಭಿಸಿದ್ದನು. ಸೇತುವೆ ನದಿಯ ನಡುವಿನವರೆಗೆ ಬಂದು ನಿಂತಿತ್ತು. ಅಲ್ಲಿಂದ ಮುಂದೆ ಪ್ರಜೆಗಳು ಈಜುತ್ತಿದ್ದರು. ಆಸ್ಥಾನ ಪಂಡಿತರು ಇದನ್ನು ದೂರದೃಷ್ಟಿ ಎಂದು ಕರೆದರು. ಹತ್ತಿರದ್ದು ಕಾಣದಿರುವುದೇ ಅದರ ಲಕ್ಷಣವೆಂದು ವ್ಯಾಖ್ಯಾನವನ್ನೂ ಬರೆದರು.

ಆ ರಾಜ್ಯದ ಕೋಟೆಯ ಬುರುಜಿನ ಮೇಲೆ ಚೆನ್ನಾಜಿ ಎಂಬ ಹೆಂಗಸು ಗಳಿಗೆ ಬಟ್ಟಲು ಕಾಯುವ ಕೆಲಸದಲ್ಲಿದ್ದಳು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡಬೇಕು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ. ಮುಳುಗಿದ ಕೂಡಲೇ ಜಾಗಟೆ ಬಾರಿಸಬೇಕು. ಊರಿನ ಅಂಗಡಿ, ಪಾಠಶಾಲೆ, ನ್ಯಾಯಸ್ಥಾನ, ಮದುವೆ ಎಲ್ಲವೂ ಆ ಜಾಗಟೆಯನ್ನೇ ನಂಬಿದ್ದವು.

ಚೆನ್ನಾಜಿ ಸೋಮಾರಿಯಲ್ಲ. ಬಟ್ಟಲನ್ನೇ ನೋಡುತ್ತ ಕೂರುತ್ತಿದ್ದಳು. ನೀರಿನಲ್ಲಿ ಬಿಸಿಲು ಬಳೆಯಂತೆ ಸುತ್ತುವುದು ಕಾಣುತ್ತಿತ್ತು. ಬಳೆಯಿಂದ ಬಳೆಗಾರ ನೆನಪಾಗುತ್ತಿದ್ದ. ಬಳೆಗಾರನಿಂದ ಅವನ ಕುಂಟು ಕುದುರೆ, ಕುದುರೆಯಿಂದ ಹುರುಳಿ, ಹುರುಳಿಯಿಂದ ಒಲೆಯ ಮೇಲೆ ಬಿಟ್ಟುಬಂದ ಸಾರು. ಅಷ್ಟರಲ್ಲಿ ಬಟ್ಟಲು ಮುಳುಗಿ ಎಷ್ಟೋ ಹೊತ್ತಾಗಿರುತ್ತಿತ್ತು. ಚಿಕ್ಕಂದಿನಲ್ಲಿ ತಾಯಿ, “ನಿನ್ನ ತಲೆ ಎಲ್ಲಿ ಮೇಯೋಕೆ ಹೋಗಿತ್ತೇ?” ಎಂದು ಬೈಯುತ್ತಿದ್ದಳು. ಚೆನ್ನಾಜಿಗೂ ಅದನ್ನು ತಿಳಿಯುವ ಆಸೆ ಇತ್ತು.

ಮಹಾರಾಜರು ಗಗನಚುಂಬಿ ಗೋಶಾಲೆಗೆ ಶಂಕುಸ್ಥಾಪನೆ ಮಾಡುವ ದಿನ ಬಟ್ಟಲು ಮತ್ತೆ ಹಾಗೆಯೇ ಮುಳುಗಿತು. ಜಾಗಟೆ ತಡವಾಯಿತು. ಶುಭಮುಹೂರ್ತ ಕಳೆದು ರಾಹುಕಾಲದಲ್ಲಿ ಕಲ್ಲು ಬಿತ್ತು. ಚೆನ್ನಾಜಿಯನ್ನು ಆಸ್ಥಾನಕ್ಕೆ ಎಳೆತಂದರು.

“ಎಲೈ ಹೆಂಗಸೇ,” ಎಂದು ಮಹಾರಾಜರು ಗುಡುಗಿದರು. “ನಿನ್ನ ಅಲಕ್ಷ್ಯದಿಂದಾಗಿ ಈ ಅಖಂಡ ಸಾಮ್ರಾಜ್ಯವು...”

ಎಲ್ಲರೂ ಕಾದರು. ಮಹಾರಾಜರು ಪಂಜರದ ಕಡೆ ನೋಡುತ್ತಿದ್ದರು.

“ಆ ಗಿಳಿಯ ಬಾಲ ಮೊದಲಿನಿಂದಲೂ ಅಷ್ಟುದ್ದವಿತ್ತೆ?”

ಗಿಳಿಯ ಬಾಲದ ಮೇಲೆ ಚರ್ಚೆ ನಡೆದು, ಉಪಸಮಿತಿ ರಚನೆಯಾಗಿ, ಸಭೆ ಊಟಕ್ಕೆ ಎದ್ದಿತು. ಊಟದ ನಂತರ ಆರೋಗ್ಯಾಮಾತ್ಯ ದೀರ್ಘಸೂತ್ರರು ಚೆನ್ನಾಜಿಯ ವಿಷಯ ವಿಲೇವಾರಿ ಮಾಡಿದರು. ಇದು ಅಲಕ್ಷ್ಯವಾದರೆ ಕೆಲಸದಿಂದ ವಜಾ. ಚಿತ್ತಚಾಂಚಲ್ಯವೆಂಬ ರೋಗವಾದರೆ ಸಹಾಯಕ್ಕೊಬ್ಬ ಆಳು, ಜೊತೆಗೆ ಉಗ್ರಾಣದಿಂದ ಬಿಟ್ಟಿ ಲೇಹ್ಯ. ಯಾವುದೆಂದು ಧರ್ಮಾಸ್ಪತ್ರೆಯ ವೈದ್ಯರು ಓಲೆಯಲ್ಲಿ ಬರೆದುಕೊಡಬೇಕು. ಅಲ್ಲಿಯವರೆಗೆ ಕೆಲಸ ಅವಳ ಹೆಸರಿನಲ್ಲೇ ಇರತಕ್ಕದ್ದು.

“ನಮ್ಮ ಕಾನೂನು ಕರುಣಾಮಯಿ,” ಎಂದರು ದೀರ್ಘಸೂತ್ರರು. “ಅದರ ಬಾಗಿಲು ಮಾತ್ರ ಸ್ವಲ್ಪ ಚಿಕ್ಕದು.”

ಧರ್ಮಾಸ್ಪತ್ರೆಯಲ್ಲಿ ಇಡೀ ರಾಜ್ಯಕ್ಕೆ ಒಬ್ಬರೇ ಚಿತ್ತವೈದ್ಯರು. ಅವರ ಬಾಗಿಲಿನಿಂದ ಹೊರಟ ಸರದಿ ಪಡಸಾಲೆ ತುಂಬಿ, ಅಂಗಳ ಸುತ್ತಿ, ಬೀದಿಗೆ ಇಳಿದಿತ್ತು. ಗುಮಾಸ್ತ ಟೋಕನ್ ಕೊಟ್ಟು ನಿಯಮ ಹೇಳಿದ.

“ಹೆಸರು ಒಂದೇ ಸಲ ಕರೀತೀವಿ ಕಣಮ್ಮಾ. ಮೆಲ್ಲಗೆ ಕರೀತೀವಿ. ಕೇಳಿಸ್ಲಿಲ್ಲ ಅಂದ್ರೆ ಟೋಕನ್ ರದ್ದು, ಮತ್ತೆ ಕೊನೆಗೆ ಹೋಗ್ಬೇಕು.”

“ಗಮನ ಇಲ್ಲದೋರಿಗೇ ಅಲ್ವಾ ಸ್ವಾಮಿ ಈ ಸರದಿ?”

“ಅದಕ್ಕೇ ಹುಷಾರಾಗಿರಿ ಅಂತ ಹೇಳ್ತಿರೋದು.”

ಅವಳ ಪಕ್ಕದಲ್ಲಿ ಜಟ್ಟಿಂಗ ಎಂಬ ಮಾವುತ ಕೂತಿದ್ದ. ಎಷ್ಟನೆಯ ಸಲ ಕೊನೆಗೆ ಹೋಗಿದ್ದನೆಂಬ ಲೆಕ್ಕ ಅವನಿಗೇ ಇರಲಿಲ್ಲ. “ಆನೆ ಎಲ್ಲಣ್ಣ?” ಎಂದು ಚೆನ್ನಾಜಿ ಕೇಳಿದಳು.

“ಅದನ್ನೇ ಯೋಚಿಸ್ತಾ ಇದೀನಿ ಅಕ್ಕ. ಎಲ್ಲೋ ಕಟ್ಟಿ ಬಂದಿದೀನಿ. ದೊಡ್ಡದಲ್ವಾ, ಸಿಗುತ್ತೆ.”

ಸಂಜೆಗೆ ಆನೆಯೇ ಅವನನ್ನು ಹುಡುಕಿಕೊಂಡು ಬಂದಿತು.

ಮಾವು ಹೂಬಿಟ್ಟಾಗ ಕೂತ ಚೆನ್ನಾಜಿ, ಮಿಡಿ ಉಪ್ಪಿನಕಾಯಿಯ ಕಾಲಕ್ಕೆ ತನ್ನ ಹೆಸರು ಕರೆದದ್ದನ್ನು ಕೇಳಿಸಿಕೊಳ್ಳದೆ ಹೋದಳು. ಆಗ ಕಂಬದ ಮೇಲೆ ಇರುವೆಗಳು ಸತ್ತ ಜೀರುಂಡೆಯೊಂದನ್ನು ಸಾಗಿಸುತ್ತಿದ್ದವು. ಎರಡನೆಯ ಸಲಕ್ಕೆ ಗಂಡ ಪದ್ಮಯ್ಯ ತನ್ನ ಸಾಂಬ್ರಾಣಿ ಅಂಗಡಿಗೆ ಬೀಗ ಹಾಕಿ ಬಂದು ಪಕ್ಕದಲ್ಲಿ ಕೂತ. ಅವಳ ಕಣ್ಣು ಕಿಟಕಿಯ ಕಡೆ ಹೊರಳಿದಾಗಲೆಲ್ಲ ಮೊಣಕೈಯಿಂದ ತಿವಿದ. ಮಾವು ಮುಗಿದು ಹಲಸೂ ಮುಗಿಯುವ ಹೊತ್ತಿಗೆ ಹೆಸರು ಕರೆದರು. ಗಂಡಹೆಂಡಿರು ಒಟ್ಟಿಗೇ ಹಾರಿ ಎದ್ದರು.

ವೈದ್ಯರು ವಯಸ್ಸಾದವರು, ಬಳಲಿದವರು. ಅವಳ ಮಾತನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದರು: “ಸರದಿ ಮುಗಿಯೋವರೆಗೂ ಕೂತಿದ್ದೆಯೇನಮ್ಮಾ?”

“ಕೂತಿದ್ದೆ ಸ್ವಾಮಿ.”

“ಹಾಗಾದ್ರೆ ರೋಗ ಇಲ್ಲ ಅಂತ ಬರೀಬೇಕು. ಸುತ್ತೋಲೆ ಇದೆ. ಇಷ್ಟು ಕಾಯಬಲ್ಲವರಿಗೆ ಚಿತ್ತಚಾಂಚಲ್ಯ ಇರೋದಿಲ್ಲವಂತೆ.”

“ಮತ್ತೆ ಕಾಯೋಕಾಗದೆ ಎದ್ದು ಹೋದೋರು?”

“ಅವರು ನನ್ನ ಹತ್ತಿರ ಬರೋದೇ ಇಲ್ಲವಲ್ಲ ತಾಯಿ. ಹಾಗಾಗಿಯೇ ನಮ್ಮ ರಾಜ್ಯ ಈ ರೋಗದಿಂದ ಮುಕ್ತ ಅಂತ ಅಮಾತ್ಯರು ಪ್ರೆಸ್ ಮೀಟ್ ಮಾಡಿದ್ದು.” ವೈದ್ಯರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಿನಗೆ ಇದೆ. ನೀನು ಒಳಗೆ ಬಂದಾಗಲೇ ಗೊತ್ತಾಯ್ತು. ಬರೆದುಕೊಡೋಕೆ ನನ್ನ ಕೈಯಲ್ಲಾಗಲ್ಲ.”

ರಸ್ತೆಯ ಆಚೆ ಬದಿಯಲ್ಲಿ ‘ಕ್ಷಿಪ್ರ ಚಿತ್ತಾಲಯ’ವಿತ್ತು. ಅಲ್ಲಿ ಕೂರಲು ಬೆಂಚುಗಳೇ ಇರಲಿಲ್ಲ. ಕಾಯುವ ಅಗತ್ಯವೇ ಇಲ್ಲವೆಂದು ಅದರ ಅರ್ಥ. ಒಡೆಯರು ವೈದ್ಯ ಕ್ಷಿಪ್ರಾನಂದರು, ಆರೋಗ್ಯಾಮಾತ್ಯರ ಭಾಮೈದ. ಈ ಕಡೆ ಭಾವನ ಸರದಿ ಉದ್ದವಾದಷ್ಟೂ ಆ ಕಡೆ ಭಾಮೈದನ ಮನೆಗೆ ಉಪ್ಪರಿಗೆ ಏರುತ್ತಿತ್ತು. ಇದಕ್ಕೆ ರಾಜ್ಯದಲ್ಲಿ ಸಾರ್ವಜನಿಕ-ಖಾಸಗಿ ಸಹಭಾಗಿತ್ವ ಎನ್ನುತ್ತಿದ್ದರು.

ಚೆನ್ನಾಜಿ ಬೀದಿಯಲ್ಲಿ ನಿಂತು ಆ ಬೋರ್ಡನ್ನೇ ನೋಡಿದಳು. “ಕೆಲಸ ಹೋದ್ರೂ ಹೋಗ್ಲಿ ರೀ. ಇದು ನಿಜವಾಗ್ಲೂ ರೋಗಾನಾ, ಇಲ್ಲ ನಾನೇ ಸರಿಯಿಲ್ವಾ, ಅಷ್ಟು ಗೊತ್ತಾಗ್ಬೇಕು ನಂಗೆ.”

“ನಿನ್ನ ಬೆಳ್ಳಿ ಡಾಬು ಇದೆಯಲ್ಲ, ಮಾರೋಣ,” ಎಂದ ಪದ್ಮಯ್ಯ.

“ಅದು ಕಳೆದುಹೋಗಿ ಎಷ್ಟು ವರ್ಷ ಆಯ್ತು!”

“ನೀನೇ ಅಕ್ಕಿ ಡಬ್ಬದಲ್ಲಿಟ್ಟು ಮರೆತಿದ್ದೆ. ನಾನು ತೆಗೆದಿಟ್ಟಿದೀನಿ. ಹೇಳಿದ್ರೆ ಬೇಜಾರ್ ಮಾಡ್ಕೋತೀಯ ಅಂತ ಹೇಳ್ಲಿಲ್ಲ.”

ಡಾಬು ಕರಗಿತು. ಕ್ಷಿಪ್ರಾನಂದರು ರಜತ, ಸ್ವರ್ಣ, ವಜ್ರ ಎಂಬ ಪ್ಯಾಕೇಜುಗಳನ್ನು ವಿವರಿಸಿ, ಅವಳ ಮುಖ ನೋಡದೆಯೇ ಓಲೆಗೆ ಮುದ್ರೆ ಒತ್ತಿದರು: ಚಿತ್ತಚಾಂಚಲ್ಯ. ಅವರ ಬಳಿ ಬಂದವರಿಗೆಲ್ಲ ಅದೇ ಮುದ್ರೆ. ಆದರೆ ಚೆನ್ನಾಜಿಯ ವಿಷಯದಲ್ಲಿ ಅದು ನಿಜವೂ ಆಗಿತ್ತು. ಜೊತೆಗೆ ಒಂದು ಸಣ್ಣ ಭರಣಿ ಚಿತ್ತಸ್ಥೈರ್ಯ ಲೇಹ್ಯ, ಪರಿಚಯ ಕೊಡುಗೆಯಾಗಿ.

ಮರುದಿನ ಬೆಳಗ್ಗೆ ಅವಳು ಒಂದು ಚಮಚ ನೆಕ್ಕಿ ಬುರುಜು ಹತ್ತಿದಳು. ಬಟ್ಟಲನ್ನು ತೇಲಿಬಿಟ್ಟಳು. ಬಿಸಿಲಿನ ಬಳೆ ಸುತ್ತಿತು. ಅವಳು ಬಳೆಗಾರನನ್ನು ನೆನೆದಳು. ನೆನೆದು, ಮತ್ತೆ ಬಟ್ಟಲಿಗೇ ಬಂದಳು. ಹಾಗೆ ಬರಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ. ನೀರು ಅಂಚಿಗೆ ಏರಿತು, ಬಟ್ಟಲು ಒಂದು ಸಲ ಓಲಾಡಿತು, ಮುಳುಗಿತು. ಅವಳು ಜಾಗಟೆ ಬಾರಿಸಿದಳು. ಕೆಳಗೆ ಪೇಟೆಯಲ್ಲಿ ಅಂಗಡಿಗಳ ಬಾಗಿಲು ತೆರೆದವು. ಬುತ್ತಿ ತಂದ ಪದ್ಮಯ್ಯನಿಗೆ ಅವಳು ಅಳುತ್ತ ಕೂತಿರುವುದು ಕಾಣಿಸಿತು.

“ಎಲ್ಲರಿಗೂ ಹೀಗೇನಾ ರೀ ಇರೋದು? ತಲೆಯೊಳಗೆ ಇಷ್ಟು ನಿಶ್ಶಬ್ದ?”

“ಹೆಚ್ಚುಕಮ್ಮಿ ಹೀಗೇ.”

“ಮತ್ತೆ ನನಗ್ಯಾಕೆ ಅಷ್ಟು ಬೈದ್ರು?”

ಪದ್ಮಯ್ಯ ಬುತ್ತಿ ಬಿಚ್ಚಿ ಅವಳ ಮುಂದಿಟ್ಟು, ಅವಳು ತಿನ್ನುವಾಗ ಬಟ್ಟಲು ನೋಡುತ್ತ ಕೂತ.

ಭರಣಿ ಬರಿದಾಗುತ್ತ ಬಂದಾಗ ಚೆನ್ನಾಜಿ ಉಗ್ರಾಣಕ್ಕೆ ಹೋದಳು. ಉಗ್ರಾಣಿ ಓಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಖಾಸಗಿ ರೋಗ ಕಣಮ್ಮಾ,” ಎಂದ. “ಇಲ್ಲಿ ಸರ್ಕಾರಿ ರೋಗಕ್ಕೆ ಮಾತ್ರ ಔಷಧಿ. ಧರ್ಮಾಸ್ಪತ್ರೆಯಲ್ಲಿ ಅನುಮೋದನೆ ಹಾಕಿಸ್ಕೊಂಡು ಬನ್ನಿ.”

“ಅಲ್ಲಿ ಸರದಿ ಇದೆಯಲ್ಲ.”

“ಲೇಹ್ಯ ತಗೊಂಡು ಕೂತ್ಕೊಳ್ಳಿ. ಆರಾಮಾಗಿ ಕಾಯಬಹುದು.”

“ಆರಾಮಾಗಿ ಕಾದ್ರೆ ರೋಗ ಇಲ್ಲ ಅಂತಾರಲ್ಲ!”

ಉಗ್ರಾಣಿ ಊಟದ ವೇಳೆ ಎಂದು ಕಿಟಕಿ ಮುಚ್ಚಿದ.

ಕೊನೆಯ ಚಮಚ ನೆಕ್ಕಿದ ಬೆಳಗ್ಗೆ ಚೆನ್ನಾಜಿ ನೇರವಾಗಿ ಆಸ್ಥಾನಕ್ಕೆ ನಡೆದಳು. ನಡೆದದ್ದನ್ನೆಲ್ಲ, ಒಂದೂ ಬಿಡದೆ, ಹಿಂದುಮುಂದಾಗದೆ ಹೇಳಿದಳು. ಜೀವಮಾನದಲ್ಲಿ ಅವಳು ಒಂದು ಮಾತನ್ನು ಅಷ್ಟು ನೆಟ್ಟಗೆ ಕೊನೆಮುಟ್ಟಿಸಿರಲಿಲ್ಲ.

“ಒಂದು ಕೆಲಸ ಹಿಡಿದ್ರೆ ಇನ್ನೊಂದು ಕರೆಯುತ್ತೆ ಮಹಾಸ್ವಾಮಿ. ಅದರ ಹಿಂದೆ ಹೋದ್ರೆ ಮತ್ತೊಂದು. ಸಂಜೆ ಹೊತ್ತಿಗೆ ಎಲ್ಲಾ ಅರ್ಧಕ್ಕೆ ನಿಂತು ನನ್ನನ್ನೇ ನೋಡ್ತಿರುತ್ವೆ. ಬೇಕು ಅಂತ ಮಾಡಿದ್ದಲ್ಲ ಅಂದ್ರೆ ಯಾರೂ ನಂಬಲ್ಲ.”

ಮಹಾರಾಜರು ಗಿಳಿಯನ್ನು ನೋಡಲಿಲ್ಲ. ಸಿಂಹಾಸನದಲ್ಲಿ ಮುಂದಕ್ಕೆ ಬಾಗಿದ್ದರು.

“ಅರ್ಧಕ್ಕೆ ನಿಂತವು ನೋಡುತ್ತವೆ ಎಂದೆಯಾ?” ಅವರ ದನಿ ಸಣ್ಣದಾಗಿತ್ತು. “ಆ ಸೇತುವೆ ನನ್ನನ್ನು ನೋಡುತ್ತದೆ. ಕಣ್ಣು ಮುಚ್ಚಿದರೂ ನೋಡುತ್ತದೆ. ಇದು... ಇದೆಲ್ಲವೂ ನನಗೂ ಇದೆ.”

ಓದುಗ ಮಹಾಶಯರೇ, ಸಾವಧಾನಪುರದ ಇತಿಹಾಸದಲ್ಲಿ ವಿವೇಕವು ಸಿಂಹಾಸನಕ್ಕೆ ಇಷ್ಟು ಸಮೀಪ ಬಂದದ್ದು ಆಗ ಮಾತ್ರ. ಸಕಾಲದಲ್ಲಿ ಕ್ಷಿಪ್ರಾನಂದರು ಎದ್ದು ನಿಂತು ಅಪಾಯ ತಪ್ಪಿಸಿದರು.

“ಪ್ರಭೋ! ಹುಲುಮಾನವರಲ್ಲಿ ಇದು ರೋಗ. ತಮ್ಮಲ್ಲಿ ಇದು ಮಲ್ಟಿಟಾಸ್ಕಿಂಗ್!”

“ಆಹಾ,” ಎಂದಿತು ಆಸ್ಥಾನ.

“ತಮ್ಮ ಚಿತ್ತ ಚಂಚಲವಲ್ಲ ಪ್ರಭೋ, ಪ್ರವಾಸದಲ್ಲಿದೆ,” ಎಂದರು ದೀರ್ಘಸೂತ್ರರು.

ತಮಗೂ ಅದೇ ಲಕ್ಷಣವಿದೆಯೆಂದು ಸೇನಾಪತಿ ಕೈಯೆತ್ತಿದರು. ಯಾವ ಗಡಿ ಕಾಯಬೇಕೆಂಬುದೇ ಅವರಿಗೆ ಮರೆತುಹೋಗಿತ್ತಂತೆ. ಬೊಕ್ಕಸದ ಹಣ ಎಲ್ಲಿಟ್ಟೆನೆಂಬುದು ತನಗೆ ಬಹುಕಾಲದಿಂದ ನೆನಪಿಲ್ಲವೆಂದು ಕೋಶಾಧ್ಯಕ್ಷರು ಗದ್ಗದಿತರಾದರು. ಸಂಜೆಯೊಳಗೆ ಇಡೀ ಮಂತ್ರಿಮಂಡಲಕ್ಕೆ ವಜ್ರ ಪ್ಯಾಕೇಜಿನ ಓಲೆಗಳು ದೊರೆತವು.

ಡಂಗುರ ಹೊರಟಿತು. ಚಿತ್ತಚಾಂಚಲ್ಯವನ್ನು ಇನ್ನು ಮುಂದೆ ರಾಜರೋಗವೆಂದು ಘೋಷಿಸಲಾಗಿದೆ. ಅರಮನೆಯ ಅಪ್ಪಣೆಯಿಲ್ಲದೆ ಪ್ರಜೆಗಳು ಇದನ್ನು ಹೊಂದುವಂತಿಲ್ಲ. ಲೇಹ್ಯವೆಲ್ಲ ಅರಮನೆಗೆ ಮೀಸಲು. ಧರ್ಮಾಸ್ಪತ್ರೆಯನ್ನು ನಿರ್ವಹಣೆಗಾಗಿ ಕ್ಷಿಪ್ರಾನಂದರಿಗೆ ವಹಿಸಲಾಗಿದ್ದು, ಸರದಿಯಲ್ಲಿ ಕೂರುವವರು ನೆರಳಿನ ಬಾಡಿಗೆ ಕೊಡತಕ್ಕದ್ದು. ವೆಚ್ಚಕ್ಕಾಗಿ ಮನಸ್ಸುಳ್ಳ ಪ್ರತಿಯೊಬ್ಬ ಪ್ರಜೆಯೂ ಚಿತ್ತ ಕಂದಾಯ ಸಲ್ಲಿಸತಕ್ಕದ್ದು. ಮನಸ್ಸಿಲ್ಲವೆನ್ನುವವರು ವೈದ್ಯರ ಓಲೆ ತರತಕ್ಕದ್ದು.

ರೋಗವನ್ನು ಪತ್ತೆಹಚ್ಚಿ ರಾಜ್ಯಕ್ಕೆ ಉಪಕಾರ ಮಾಡಿದ್ದಕ್ಕಾಗಿ ಚೆನ್ನಾಜಿಗೆ ಬಡ್ತಿ ಸಿಕ್ಕಿತು. ಬಟ್ಟಲಿನ ಜೊತೆಗೆ, ದಿನವೂ ಮಹಾರಾಜರಿಗೆ ನೆನಪಿಸಿ ಲೇಹ್ಯ ತಿನ್ನಿಸುವ ಹೊಣೆಯೂ ಅವಳದಾಯಿತು. ಮರೆತರೆ ರಾಜದ್ರೋಹ. ಅವಳ ಪಾಲಿಗೆ ಲೇಹ್ಯವಿರಲಿಲ್ಲ, ಅವಳು ಪ್ರಜೆ.

ಮೊದಲ ದಿನ ಚಿನ್ನದ ಚಮಚ ಹಿಡಿದು ಹೋದಾಗ ಮಹಾರಾಜರು ಗಾಳಿಪಟಕ್ಕೊಂದು ಮಂತ್ರಾಲಯ ಆರಂಭಿಸುತ್ತಿದ್ದರು. “ಅಲ್ಲಿಡು. ನಾಳೆ,” ಎಂದರು. ಮರುದಿನವೂ ನಾಳೆ ಎಂದರು. ಮೂರನೆಯ ದಿನ ಚೆನ್ನಾಜಿ ಕಂಬದ ಮರೆಗೆ ಬಂದು ಚಮಚವನ್ನು ತಾನೇ ನೆಕ್ಕಿದಳು. ತಲೆಯೊಳಗೆ ಮತ್ತೆ ನಿಶ್ಶಬ್ದವಾಯಿತು. ಜಾಗಟೆ ಮತ್ತೆ ತಪ್ಪದೆ ಮೊಳಗತೊಡಗಿತು. ಇದು ಪ್ರಭುಗಳ ಚಿಕಿತ್ಸೆಯ ಫಲವೆಂದು ಆಸ್ಥಾನ ಪಂಡಿತರು ಶಾಸನ ಕೆತ್ತಿಸಿದರು.

ಒಂದು ದಿನ ಜಟ್ಟಿಂಗ ಬುರುಜಿನ ಕೆಳಗೆ ಬಂದು ನಿಂತ. ಆನೆ ಲಾಯದ ಕೆಲಸ ಹೋಗಿತ್ತು. ನೆರಳಿನ ಬಾಡಿಗೆ ಕೊಡಲಾಗದೆ ಬಿಸಿಲಿನಲ್ಲೇ ಸರದಿ ಕೂತು ಮುಖ ಸುಟ್ಟು ಕಪ್ಪಾಗಿತ್ತು.

“ಅಕ್ಕಾ, ಚಮಚದಲ್ಲಿ ಏನಾದ್ರೂ ಮಿಕ್ಕಿರುತ್ತಾ?”

ಅವಳು ಸುತ್ತ ನೋಡಿದಳು. ಅಂದಿನ ಲೇಹ್ಯವನ್ನು ಎರಡು ಪಾಲು ಮಾಡಿದಳು. ಆಮೇಲೆ ಅವನು ಇನ್ನಿಬ್ಬರನ್ನು ಕರೆತಂದ. ಅರ್ಧ ಕಾಲಾಯಿತು. ಕಾಲು ಪಾಲಿನಲ್ಲಿ ಯಾರಿಗೂ ಪೂರ್ತಿ ಗುಣವಾಗಲಿಲ್ಲ, ಆದರೆ ಪಾಲು ನಿಲ್ಲಿಸಲು ಅವಳಿಂದಾಗಲಿಲ್ಲ. ಗಳಿಗೆಗಳು ಒಂದಿಷ್ಟು ಅತ್ತಿತ್ತ ಆದಾಗ ಪದ್ಮಯ್ಯ ಪಕ್ಕದಲ್ಲಿ ಕೂತು ತಿವಿಯುತ್ತಿದ್ದ.

ಆ ವರ್ಷಾಂತ್ಯಕ್ಕೆ ಮಹಾರಾಜರಿಗೆ ‘ಅವಧಾನ ಚಕ್ರವರ್ತಿ’ ಬಿರುದು ನೀಡಿ ಹೊಸ ಕಿರೀಟ ತೊಡಿಸುವ ಸಮಾರಂಭ ಏರ್ಪಟ್ಟಿತು. ಖರ್ಚಿಗೆ ಚಿತ್ತ ಕಂದಾಯ ದುಪ್ಪಟ್ಟಾಯಿತು. ಬಿಸಿಲಿನಲ್ಲಿ ಪ್ರಜೆಗಳು ನೆರೆದರು. ಪುರೋಹಿತರು ಕಿರೀಟ ಎತ್ತಿದರು. ಅದೇ ಗಳಿಗೆಗೆ ಸರಿಯಾಗಿ ಚೆನ್ನಾಜಿ ಜಾಗಟೆ ಬಾರಿಸಿದಳು. ಆದರೆ ಮಹಾರಾಜರು ಆಗಷ್ಟೇ ಎದ್ದು, ಹಿಂಬಾಗಿಲಿನಿಂದ ಓಡಿದ ಬೆಕ್ಕೊಂದನ್ನು ನೋಡಲು ಹೋಗಿದ್ದರು.

ಮುಹೂರ್ತ ಮೀರುವಂತಿರಲಿಲ್ಲ. ಪುರೋಹಿತರು ದೀರ್ಘಸೂತ್ರರನ್ನು ನೋಡಿದರು. ದೀರ್ಘಸೂತ್ರರು ಕ್ಷಿಪ್ರಾನಂದರನ್ನು ನೋಡಿದರು. ಕ್ಷಿಪ್ರಾನಂದರು ತಲೆಯಾಡಿಸಿದರು. ಪುರೋಹಿತರು ಸಿಂಹಾಸನದ ದಿಂಬಿನ ಮೇಲೆ ಕಿರೀಟವಿಟ್ಟು ಅಕ್ಷತೆ ಹಾಕಿದರು. ಜಯಘೋಷ ಮೊಳಗಿತು.

ಮರುದಿನದಿಂದ ಅಹವಾಲುಗಳನ್ನು ದಿಂಬೇ ಸ್ವೀಕರಿಸತೊಡಗಿತು. ಹಿಂದಿನವರಂತೆ ನಡುವೆ ಎದ್ದುಹೋಗುವುದಿಲ್ಲ, ಎಲ್ಲರ ಮಾತನ್ನೂ ಕೊನೆಯವರೆಗೆ ಕೇಳುತ್ತದೆ ಎಂದು ಪ್ರಜೆಗಳು ಮೆಚ್ಚಿಕೊಂಡರು. ಕೇಳಿಸಿಕೊಂಡದ್ದಕ್ಕೆ ಶುಲ್ಕ ಕಟ್ಟಿ, ರಸೀದಿಗಾಗಿ ಸರದಿಯಲ್ಲಿ ನಿಂತರು.