ವರ್ಜಿಲ್ ಬರೆದ ಕೊನೆಯ ದೃಶ್ಯ

ವರ್ಜಿಲ್ ಟಾಕೆಟ್ ಆ ಗುರುವಾರ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಮೊಟ್ಟೆ ತಿಂದು ಎದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಆಸಾಮಿ ಬರಹಗಾರ, ಸಾಲದ್ದಕ್ಕೆ ಅಂದು ಖುಷಿಯಲ್ಲಿ ಬೇರೆ ಇದ್ದ. ಬಂಕರ್ ಹಿಲ್ ಬಡಾವಣೆಯ ಮಿಸೆಸ್ ಗ್ರಾಡಿಯ ಬೋರ್ಡಿಂಗ್ ಹೌಸಿನಲ್ಲಿ ತಿಂಡಿಗೆ ಕೂತವನು, ತಾನು ಬರೆದ ಪತ್ತೇದಾರಿ ಚಿತ್ರದ ಕೊನೆಯನ್ನು ಎಲ್ಲರೆದುರು ಹೇಳಿಬಿಟ್ಟ.

ಹೇಳುವುದಕ್ಕೆ ಕಾರಣವಿತ್ತು. ಈವರೆಗೆ ಅವನು ಬರೆದ ಪ್ರತಿ ಚಿತ್ರದ ಬಾಲಕ್ಕೂ ಸ್ಟುಡಿಯೋ ಯಜಮಾನ ಹಾರ್ಗ್ರೋವ್ ಒಂದು ಮದುವೆ ಅಂಟಿಸಿದ್ದ. ಈ ಸಲ ನಿರ್ದೇಶಕ ಹಟ ಹಿಡಿದು ವರ್ಜಿಲ್ ಬರೆದ ಅಂತ್ಯವನ್ನೇ ಚಿತ್ರೀಕರಿಸಿದ್ದ. ಹಾರ್ಗ್ರೋವ್ ಸುಮ್ಮನಿರುತ್ತಾನೆಯೇ? ಕೊಲೆಯನ್ನು ತೋಟದ ಮಾಲಿಯ ತಲೆಗೆ ಕಟ್ಟಿ, ನಾಯಕ ನಾಯಕಿಗೆ ಮದುವೆ ಮಾಡಿಸಿ, ಇನ್ನೊಂದು ರೀಲು ತಯಾರು ಮಾಡಿಸಿಟ್ಟಿದ್ದ. ಅಂದು ಸಂಜೆ ಪಕ್ಕದ ಊರು ಗ್ಲೆಂಡೇಲ್‌ನ ಥಿಯೇಟರಿನಲ್ಲಿ ಪ್ರಿವ್ಯೂ. ಜನ ಬೇರಾವುದೋ ಚಿತ್ರಕ್ಕೆ ಬಂದು ಕೂತಿರುವಾಗ ಹೇಳದೆ ಕೇಳದೆ ಹೊಸ ಚಿತ್ರ ಓಡಿಸಿ, ಅವರ ಮುಖ ನೋಡುವ ಪದ್ಧತಿ ಅದು. ಜನ ಮುಖ ಸಿಂಡರಿಸಿದರೆ ವರ್ಜಿಲ್‌ನ ಅಂತ್ಯ ಕಸದ ಬುಟ್ಟಿಗೆ, ಮದುವೆ ತೆರೆಗೆ.

"ಅದಕ್ಕೇ ನೀವೆಲ್ಲ ಬರ್ಬೇಕು," ಎಂದ ವರ್ಜಿಲ್. "ಕೊನೇಲಿ ಜೋರಾಗಿ ಚಪ್ಪಾಳೆ ಹೊಡೀರಿ, ಸಾಕು."

"ಯಾವ ಘನಕಾರ್ಯಕ್ಕೆ ಚಪ್ಪಾಳೆ ಅಂತ ಮೊದ್ಲು ಹೇಳು," ಎಂದಳು ಮಿಸೆಸ್ ಗ್ರಾಡಿ, ಕಾಫಿ ಬಗ್ಗಿಸುತ್ತಾ.

ವರ್ಜಿಲ್ ಹೇಳಿದ. ಶ್ರೀಮಂತನೊಬ್ಬನ ಕೊಲೆಯಾಗುತ್ತದೆ. ತನಿಖೆಗೆ ಬಂದ ಪತ್ತೇದಾರ ಸತ್ತವನ ಹೆಂಡತಿಯನ್ನೇ ಪ್ರೀತಿಸಿಬಿಡುತ್ತಾನೆ. ಕೊಂದವಳು ಅವಳೇ ಎಂದು ಆಮೇಲೆ ತಿಳಿಯುತ್ತದೆ. ಕೊನೆಗೆ ಅವಳು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿರುವಾಗ ಅವನು ಪೊಲೀಸರಿಗೆ ಫೋನ್ ಮಾಡಿ, "ಕೊಲೆ ಮಾಡಿದ್ದು ನಾನು" ಅನ್ನುತ್ತಾನೆ. ಅವಳು ತಿರುಗಿಯೂ ನೋಡದೆ ರೈಲು ಹತ್ತುತ್ತಾಳೆ.

"ಥೂ, ಮುಠ್ಠಾಳ!" ಎಂದಳು ಮಿಸೆಸ್ ಗ್ರಾಡಿ. "ಗಂಡನ್ನ ಕೊಂದೋಳು ಆರಾಮಾಗಿ ರೈಲು ಹತ್ತೋದಾ? ನಾನು ಅಷ್ಟು ವರ್ಷ ಗ್ರಾಡಿನ ಸಹಿಸ್ಕೊಂಡೆ. ಒಂದಿನಾದ್ರೂ ಕೊಂದೆನಾ? ಅವಳನ್ನ ಹಿಡಿದು ಕೊಡ್ಬೇಕು!"

ಟ್ರಾಮ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿದ್ದ ಮುದುಕ ಲುಂಡ್‌ಗ್ರೆನ್ ಕಣ್ಣೊರೆಸಿಕೊಂಡ. "ಪಾಪ, ಅವಳಿಗೇನು ಕಷ್ಟ ಇತ್ತೋ! ಇಬ್ರೂ ಮೆಕ್ಸಿಕೋಗೆ ಓಡಿಹೋಗ್ಲಿ ಬಿಡಿ. ಗಡಿ ಏನು ದೂರಾನಾ?"

"ಟಿಕೆಟ್ ಹರ್ಕೊಂಡಿದ್ದೋರಿಗೆ ನ್ಯಾಯ ಏನ್ರೀ ಗೊತ್ತು?"

"ಟೋಸ್ಟ್ ಸೀಯಿಸೋರಿಗೆ ಪ್ರೀತಿ ಏನ್ರೀ ಗೊತ್ತು?"

ಮಧ್ಯಾಹ್ನದ ಹೊತ್ತಿಗೆ ಮನೆ ಎರಡು ಪಕ್ಷವಾಗಿತ್ತು. ಮಹಡಿಯವರೆಲ್ಲ ಮೆಕ್ಸಿಕೋ ಪಕ್ಷ, ಕೆಳಗಿನವರೆಲ್ಲ ಜೈಲಿನ ಪಕ್ಷ. ಮಿಸೆಸ್ ಗ್ರಾಡಿ ಲುಂಡ್‌ಗ್ರೆನ್‌ಗೆ ಸೂಪ್ ಬಡಿಸುವಾಗ ಮಾಂಸದ ತುಂಡನ್ನೆಲ್ಲ ಪಾತ್ರೆಯಲ್ಲೇ ಉಳಿಸಿಕೊಂಡಳು. ಮೂಲೆಯ ದಿನಸಿ ಅಂಗಡಿಯವನು ವರ್ಜಿಲ್‌ನನ್ನು ತಡೆದು, "ಅವನು ಅವಳ ಕಪಾಳಕ್ಕೊಂದು ಬಾರಿಸಿ ಕ್ಷಮಿಸಿಬಿಟ್ರೆ ಹೇಗೆ?" ಎಂದು ಕೇಳಿದ. ವರ್ಜಿಲ್‌ನ ಅಂತ್ಯದ ಪಕ್ಷದಲ್ಲಿ ವರ್ಜಿಲ್ ಒಬ್ಬನೇ ಉಳಿದಿದ್ದ.

"ದಯವಿಟ್ಟು ಯಾರೂ ಬರ್ಬೇಡಿ," ಎಂದು ಕೈಮುಗಿದ.

"ಅದು ಹೇಗೆ ಬರ್ದೇ ಇರ್ತೀವಿ? ಹೊಸ ಟೋಪಿ ಹಾಕ್ಕೊಂಡಾಯ್ತು," ಎಂದಳು ಮಿಸೆಸ್ ಗ್ರಾಡಿ. ದಿನಸಿ ಅಂಗಡಿಯವನೂ ಬಾಗಿಲೆಳೆದುಕೊಂಡು ಹೊರಟ.

ಥಿಯೇಟರಿನಲ್ಲಿ ಹಾರ್ಗ್ರೋವ್ ಕೊನೆಯ ಸಾಲಿನಲ್ಲಿ ಸಿಗಾರ್ ಕಚ್ಚಿಕೊಂಡು ಕೂತಿದ್ದ. ಚಿತ್ರ ಶುರುವಾಯಿತು. ನಂಬಿದರೆ ನಂಬಿ, ಚೆನ್ನಾಗಿತ್ತು! ಜನ ಪಾಪ್‌ಕಾರ್ನ್ ಮರೆತು ನೋಡುತ್ತಿದ್ದರು. ಒಂದೇ ಒಂದು ಸಲ ತಾನು ಬರೆದಂತೆಯೇ ತನ್ನ ಕಥೆ ಮುಗಿಯುವುದನ್ನು ನೋಡುವ ಆಸೆಯಲ್ಲಿ ವರ್ಜಿಲ್ ಸೀಟಿನ ತುದಿಗೆ ಸರಿದ. ತೆರೆಯ ಮೇಲೆ ಅವಳು ಬಾಗಿಲಲ್ಲಿ ನಿಂತಳು. ಪತ್ತೇದಾರ ಫೋನ್ ಎತ್ತಿದ.

ಮಿಸೆಸ್ ಗ್ರಾಡಿ ದಡಕ್ಕನೆ ಎದ್ದಳು. "ಹೇಳೋ! ಕೊಂದೋಳು ಇವಳೇ ಅಂತ ಹೇಳೋ!"

"ಫೋನ್ ಇಡಪ್ಪಾ!" ಲುಂಡ್‌ಗ್ರೆನ್ ಕಿರುಚಿದ. "ಅವಳ ಪೆಟ್ಟಿಗೆ ತಗೊಂಡು ನಡಿ!"

"ಕೂತ್ಕೊಳ್ರೀ, ಏನದು ನಾಯಿ ಬೊಗಳಿದ ಹಾಗೆ!" ಎಂದ ಹಿಂದಿನ ಸಾಲಿನ ಗಂಡಸೊಬ್ಬ.

"ಕೂತ್ಕೊಂಡು ಏನ್ರೀ ನೋಡ್ತೀರಿ? ಈ ಪೆದ್ದ ಕೊಲೆ ತನ್ನ ಮೇಲೆ ಹಾಕ್ಕೊಳ್ತಾನೆ!" ಎಂದು ಮಿಸೆಸ್ ಗ್ರಾಡಿ ಅವನತ್ತ ತಿರುಗಿದಳು.

"ಅಯ್ಯೋ, ಕೊನೆ ಹೇಳ್ಬಿಟ್ಳಲ್ಲಪ್ಪಾ!" ಎಂದು ಯಾರೋ ಕೂಗಿದರು.

ಅಷ್ಟೇ, ಇಡೀ ಥಿಯೇಟರ್ ಎದ್ದು ನಿಂತಿತು. ಆ ಗಂಡಸು ಲುಂಡ್‌ಗ್ರೆನ್ ಕಡೆ ಸೇರಿದ, ಅವನ ಹೆಂಡತಿ ಮಿಸೆಸ್ ಗ್ರಾಡಿ ಕಡೆ. ಪಾಪ್‌ಕಾರ್ನ್ ಹಾರಿತು, ಟೋಪಿ ಹಾರಿತು. ವರ್ಜಿಲ್ ಮಿಸೆಸ್ ಗ್ರಾಡಿಯ ಕೋಟು ಹಿಡಿದು ಕೆಳಗೆಳೆಯುತ್ತಲೇ ಇದ್ದ. ದೀಪ ಹತ್ತಿದಾಗ ತೆರೆ ಬರಿದಾಗಿತ್ತು.

ಹೊರಗೆ ಹಾರ್ಗ್ರೋವ್ ನೇರವಾಗಿ ಅವನ ಕಡೆಗೇ ಬಂದ. ಕೆಲಸ ಹೋಯಿತೆಂದು ವರ್ಜಿಲ್ ಕಣ್ಣು ಮುಚ್ಚಿದ. ಹಾರ್ಗ್ರೋವ್ ಅವನನ್ನು ತಬ್ಬಿಕೊಂಡ!

"ನನ್ನ ಚಿತ್ರ ನೋಡ್ತಾ ಜನ ಆಕಳಿಸಿದ್ದು ನೋಡಿದೀನಿ ಕಣಯ್ಯಾ, ಹೊಡೆದಾಡಿದ್ದು ಇದೇ ಮೊದ್ಲು! ಆ ಮದುವೆ ರೀಲನ್ನ ಸುಟ್ಟುಹಾಕಿಸ್ತೀನಿ."

ವರ್ಜಿಲ್‌ನ ಕಣ್ಣು ತುಂಬಿತು. "ಹಾಗಾದ್ರೆ ನನ್ನ ಅಂತ್ಯಾನೇ ಇರುತ್ತಾ ಸಾರ್?"

"ನಿಂದಾ? ಅದನ್ನ ಯಾರಯ್ಯಾ ನೋಡಿದ್ರು? ಗಲಾಟೆ ಶುರುವಾಗಿದ್ದು ಅವನು ಫೋನ್ ಎತ್ತಿದಾಗ. ಅಲ್ಲಿಗೇ ಕತ್ತರಿ! ಮುಂದೇನು ಅಂತ ಜನ ಮನೇಲಿ ಹೊಡೆದಾಡ್ಲಿ, ಇನ್ನೊಂದ್ಸಲ ಬಂದು ನೋಡ್ಲಿ. ಇನ್ಮೇಲೆ ನೀನು ಕೊನೇನೇ ಬರೀಬೇಡ, ಆಯ್ತಾ?"

ಮನೆಗೆ ಹೊರಟ ಟ್ರಾಮಿನಲ್ಲಿ ವರ್ಜಿಲ್ ಸತ್ತವನ ಹಾಗೆ ಕೂತಿದ್ದ. ವಿಷಯ ಕೇಳಿ ಎರಡೂ ಪಕ್ಷಕ್ಕೆ ಹಬ್ಬವೋ ಹಬ್ಬ. ಮಿಸೆಸ್ ಗ್ರಾಡಿ ಲುಂಡ್‌ಗ್ರೆನ್‌ಗೆ ಕಡಲೆಕಾಯಿ ಸುಲಿದು ಕೊಟ್ಟಳು.

"ಫೋನ್ ಎತ್ತಿದ ಮೇಲೆ ಇನ್ನೇನು, ಹಿಡಿದು ಕೊಟ್ಟ ಅಂತಲೇ ಲೆಕ್ಕ," ಎಂದಳು.

"ಅವನು ಫೋನ್ ಮಾಡಿದ್ದು ರೈಲ್ವೆ ಸ್ಟೇಷನ್ನಿಗೆ ಕಣ್ರೀ. ಮೆಕ್ಸಿಕೋಗೆ ಎರಡು ಟಿಕೆಟ್!"

ವರ್ಜಿಲ್‌ಗೆ ತಡೆಯಲಾಗಲಿಲ್ಲ. "ಎರಡೂ ಅಲ್ಲ! ಅವನು ತಪ್ಪು ತನ್ನ ಮೇಲೆ ಹಾಕ್ಕೊಳ್ತಾನೆ!"

ಮಿಸೆಸ್ ಗ್ರಾಡಿ ಅವನತ್ತ ತಿರುಗಿದಳು. "ನೀನು ಸುಮ್ನಿರು ವರ್ಜಿಲ್. ಸಿನಿಮಾ ನೋಡೋದು ಬಿಟ್ಟು ನನ್ನ ಕೋಟು ಎಳೀತಾ ಕೂತಿದ್ದೋನು, ನಿಂಗೇನು ಗೊತ್ತು?"