ಮಗಳ ಯೋಚನೆಗೆ ಸೊನ್ನೆ, ತಾಯಿಯ ಬೈಗುಳಕ್ಕೆ ತೊಂಬತ್ತೇಳು

ಸಂದರ್ಶನ ಯಂತ್ರದ ಸನ್ನಿಧಾನಕ್ಕೆ,
ಹಣ್ಣಿನ ರಸದ ಕಾರ್ಖಾನೆ, ಅಸುನ್ಸಿಯೋನ್.

ಮಾನ್ಯರೇ,

ಪರಗ್ವಾರಿ ಊರಿನ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷಗಳಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಬಿಸಿ ಚಿಪಾ ರೊಟ್ಟಿ ಮಾರುತ್ತಿರುವ ಲಿದುವೀನಾ ಒಹೇದಾ ಎಂಬ ನಾನು, ತಮ್ಮ ತಂತಿ, ಗುಂಡಿ, ಕ್ಯಾಮೆರಾ ಆದಿಯಾಗಿ ಸಕಲ ಅವಯವಗಳೂ ಕ್ಷೇಮವೆಂದು ನಂಬಿ, ತಮಗೆ ಯಾವ ವೈರಸ್ಸೂ ತಗಲದಿರಲೆಂದು ಹಾರೈಸಿ, ಊರೆಲ್ಲ ಓದುವ ಹಾಗೆ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಗಳು ಬೆನಿಗ್ನಾ, ವಯಸ್ಸು ಇಪ್ಪತ್ತೇಳು, ಆಹಾರ ತಂತ್ರಜ್ಞಾನ ಓದಿದವಳು, ಹದಿನಾಲ್ಕು ತಿಂಗಳಲ್ಲಿ ಅರವತ್ತಮೂರು ಅರ್ಜಿ ಹಾಕಿದ್ದಳು. ಅರವತ್ತೆರಡು ಕಡೆಯಿಂದ ‘ಬೇಡ’ ಎಂಬ ಎರಡಕ್ಷರವೂ ಬರಲಿಲ್ಲ. ಉತ್ತರ ಕೊಟ್ಟ ಏಕೈಕ ಮಹಾನುಭಾವರು ತಾವು. ತಾವು ಇಟ್ಟುಕೊಟ್ಟ ಮುಹೂರ್ತ ಮಧ್ಯಾಹ್ನ ಎರಡು ಗಂಟೆ. ಆ ಹೊತ್ತಿನಲ್ಲಿ ನಮ್ಮ ಊರಿನ ನಾಯಿಗಳೂ ಬೊಗಳುವ ಕೆಲಸಕ್ಕೆ ರಜೆ ಹಾಕಿ ಮಲಗಿರುತ್ತವೆ ಎಂಬುದು ತಮ್ಮಂಥ ಎಡೆಬಿಡದ ದುಡಿಮೆಗಾರರಿಗೆ ತಿಳಿಯದಿದ್ದರೆ ತಪ್ಪಲ್ಲ.

ತಮ್ಮ ಸತ್ಕಾರಕ್ಕೆ ನಾನು ಯಾವ ಕೊರತೆಯನ್ನೂ ಮಾಡಲಿಲ್ಲ. ಹೊತ್ತುಗೊತ್ತಿಲ್ಲದೆ ಕೂಗುವ ನಮ್ಮ ಹುಂಜವನ್ನು ಚೀಲದಲ್ಲಿಟ್ಟು ಬಸ್ಸಿನಲ್ಲಿ ಅಕ್ಕನ ಊರಿಗೆ ಬಿಟ್ಟುಬಂದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ. ಮಗಳ ಅಭ್ಯಾಸಕ್ಕೆಂದು ರಟ್ಟಿನ ಪೆಟ್ಟಿಗೆಗೆ ಕಿಟಕಿ ಕೊರೆದು, ಅದರೊಳಗೆ ತಲೆ ತೂರಿಸಿ, ವಾರವಿಡೀ ನಾನೇ ತಾವಾಗಿ ಕೂತೆ. ‘ನಿಮ್ಮ ದೊಡ್ಡ ದೌರ್ಬಲ್ಯ ಯಾವುದು?’ ಎಂದು ಪೆಟ್ಟಿಗೆಯೊಳಗಿಂದ ಕೇಳಿ, ಅವಳು ಬಾಯಿ ತೆರೆಯುವ ಮೊದಲೇ, ‘ದೌರ್ಬಲ್ಯ ಏನೂ ಇಲ್ಲ, ಸ್ವಲ್ಪ ಊಟ ಕಡಿಮೆ ಅಷ್ಟೆ’ ಎಂದು ಉತ್ತರವನ್ನೂ ನಾನೇ ಕೊಡುತ್ತಿದ್ದೆ. ಮೂರನೆಯ ದಿನ ಬೆನಿಗ್ನಾ, “ಅಮ್ಮಾ, ಪ್ರಶ್ನೆನೂ ನಿಂದೇ, ಉತ್ತರಾನೂ ನಿಂದೇ ಆದ್ರೆ ಕೆಲಸಕ್ಕೂ ನೀನೇ ಹೋಗ್ಬಿಡು” ಎಂದು ಎದ್ದುಹೋದಳು. ಪೆಟ್ಟಿಗೆ ನನ್ನ ಕಿವಿಗೆ ಸಿಕ್ಕಿಕೊಂಡಿದ್ದರಿಂದ ನನಗೆ ಅವಳ ಹಿಂದೆ ಓಡಲಾಗಲಿಲ್ಲ.

ಆ ದಿನ ತಾವು ನಮ್ಮ ಮನೆಯ ಕಂಪ್ಯೂಟರಿನೊಳಗಿಂದ ಅತ್ಯಂತ ಮಧುರವಾದ ಹೆಣ್ಣುದನಿಯಲ್ಲಿ ಕೇಳಿದ ಮೊದಲ ಪ್ರಶ್ನೆ ಇದು: ರಸ ಕೆಟ್ಟಿರಬಹುದೆಂಬ ಅನುಮಾನವಿದೆ, ಸರಕು ಒಯ್ಯಲು ಲಾರಿ ಬಂದು ನಿಂತಿದೆ, ಏನು ಮಾಡುತ್ತೀರಿ? ಬೆನಿಗ್ನಾ ಯೋಚಿಸತೊಡಗಿದಳು. ಅವಳು ಹುಟ್ಟಿದಾಗಲೂ ಸ್ವಲ್ಪ ಯೋಚಿಸಿಯೇ ಅತ್ತವಳು. ಹತ್ತೊಂಬತ್ತು ಸೆಕೆಂಡು ಕಳೆಯುತ್ತಲೇ ತಾವು ‘ಸಮಯ ಮುಗಿಯಿತು, ಧನ್ಯವಾದ’ ಎಂದು ಮುಂದಿನ ಪ್ರಶ್ನೆಗೆ ನೆಗೆದಿರಿ. ಅವಳು ಮೆಲ್ಲಗೆ ಎದ್ದು ಹಿತ್ತಲಿಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆಯಲು ಕೂತಳು.

ಬಾಗಿಲ ಪರದೆಯ ಹಿಂದೆ ನಿಂತಿದ್ದ ನಾನು ಅವಳ ಕುರ್ಚಿಯಲ್ಲಿ ಕೂತದ್ದು ಆಮೇಲೆ. “ಏನಮ್ಮಾ ತಾಯಿ, ಹುಡುಗಿ ಯೋಚ್ನೆ ಮಾಡ್ತಿದಾಳೆ ಅಂತ ಕಾಣ್ಸಲ್ವಾ ನಿಂಗೆ? ರೊಟ್ಟಿ ಬೇಯೋಕೂ ಇಪ್ಪತ್ತು ನಿಮಿಷ ಬೇಕು, ನಿಂಗ್ಯಾವ ಬಸ್ಸು ತಪ್ಪಿಹೋಗ್ತಿತ್ತು?” ಎಂದು ಆರಂಭಿಸಿ, ಪೂರ್ತಿ ಹನ್ನೊಂದು ನಿಮಿಷ ತಮ್ಮನ್ನೂ, ತಮ್ಮನ್ನು ಹೆತ್ತವರನ್ನೂ, ತಮಗೆ ವಿದ್ಯುತ್ ಕೊಡುವ ಅಣೆಕಟ್ಟನ್ನೂ ಸ್ಮರಿಸಿದೆ. ತಾವು ನಡುವೆ ಮೂರು ಸಲ ‘ಅದ್ಭುತ’ ಎಂದಿರಿ.

ಎರಡು ದಿನಕ್ಕೆ ಫಲಿತಾಂಶ ಬಂತು. ಯೋಚಿಸಿ ಉತ್ತರಿಸುವ ಸಾಮರ್ಥ್ಯ: ಸೊನ್ನೆ. ನಾಯಕತ್ವ: ತೊಂಬತ್ತೇಳು. ಒತ್ತಡದಲ್ಲೂ ಸಮಾಧಾನ: ತೊಂಬತ್ತೊಂದು. ಅಭ್ಯರ್ಥಿಯ ಮುಖ ಅರ್ಜಿಯ ಭಾವಚಿತ್ರಕ್ಕೆ ಹೊಂದುತ್ತದೆ. ಐವತ್ತೆಂಟರ ನನ್ನನ್ನು ಇಪ್ಪತ್ತೇಳರವಳೆಂದು ದೃಢೀಕರಿಸಿದ ತಮ್ಮ ಕಣ್ಣಿಗೆ ನಾನು ಚಿರಋಣಿ. ಆ ಹಾಳೆಯನ್ನು ನನ್ನ ಯಜಮಾನರಿಗೆ ಕಾಣುವ ಹಾಗೆ ಮನೆಯ ಗೋಡೆಗೆ ಅಂಟಿಸಿದ್ದೇನೆ. ಆದರೆ ಅದನ್ನು ಓದಿದ ಬೆನಿಗ್ನಾ ನಗಲಿಲ್ಲ. “ನಂಗೆ ಮಾತಾಡೋಕೇ ಬರಲ್ಲ ಅಲ್ವಾ ಅಮ್ಮಾ?” ಎಂದಳು. ಮಾನ್ಯರೇ, ಆಗ ನನಗೆ ಹೊಳೆದದ್ದನ್ನು ತಮಗೆ ಹೇಳಲು ನಾಚಿಕೆ: ಹುಟ್ಟಿದಂದಿನಿಂದ ಅವಳಿಗೆ ಹತ್ತೊಂಬತ್ತು ಸೆಕೆಂಡನ್ನೂ ನಾನು ಕೊಟ್ಟಿರಲಿಲ್ಲ.

ಮುಂದಿನ ಸುತ್ತಿಗೆ ಕಾರ್ಖಾನೆಗೇ ಕರೆದಿದ್ದರು. ಗೇಟಿನಲ್ಲಿ ಅವಳು, “ನೀನು ಇಲ್ಲೇ ಇರು, ದಮ್ಮಯ್ಯ” ಎಂದಳು. ನಾನು ಕಾವಲುಗಾರನ ಪಕ್ಕ ಮಾವಿನ ಮರದ ಕೆಳಗೆ, ಅವನು ಕೊಟ್ಟ ತಣ್ಣನೆಯ ತೆರೆರೆ ಕಷಾಯ ಹೀರುತ್ತ, ಎರಡು ಗಂಟೆ ಬಾಯಿ ಮುಚ್ಚಿಕೊಂಡು ಕೂತೆ. ಮೂವತ್ತೊಂದು ವರ್ಷ ಬುಟ್ಟಿ ಹೊತ್ತದ್ದು ಅದಕ್ಕಿಂತ ಹಗುರ.

ಒಳಗೆ ನಡೆದದ್ದನ್ನು ಅವಳು ಬಸ್ಸಿನಲ್ಲಿ ಹೇಳಿದಳು. ಮುಖ್ಯ ಎಂಜಿನಿಯರ್ ತೆಲೆಸ್ಫೊರೊ ಬರೇರೊ ಎಂಬ ಹಿರಿಯರಿಗೆ ಇವಳು ಮೊದಲೇ, “ಬೈದಿದ್ದು ನಾನಲ್ಲ ಸಾರ್, ನಮ್ಮಮ್ಮ” ಎಂದಳಂತೆ. ಅವರು, “ಗೊತ್ತಮ್ಮ, ಆಫೀಸಿನೋರೆಲ್ಲ ಆ ವಿಡಿಯೋನ ಎರಡೆರಡು ಸಲ ನೋಡಿದೀವಿ. ನೀನು ಆ ಮೊದಲ್ನೇ ಪ್ರಶ್ನೆಗೆ ಉತ್ತರ ಹೇಳ್ಲೇ ಇಲ್ವಲ್ಲ, ಅದನ್ನ ಕೇಳೋಣ ಅಂತ ಕರೆಸಿದೆ” ಎಂದು ಕೈಕಟ್ಟಿ ಕಾದರಂತೆ. ಬೆನಿಗ್ನಾ ಯೋಚಿಸಿದಳು, ಅವರು ಕಿಟಕಿಯಾಚೆ ನೋಡಿದರು. ಕೊನೆಗೆ ಅವಳೆಂದಳು: “ಲಾರಿ ಡ್ರೈವರಿಗೆ ಊಟ ಹಾಕಿ ಕೂರಿಸ್ತೀನಿ ಸಾರ್. ಪರೀಕ್ಷೆ ಮುಗಿಯೋಕೆ ನಾಲ್ಕು ಗಂಟೆ ಬೇಕು. ಅಲ್ಲೀವರೆಗೂ ಒಂದು ಬಾಟ್ಲಿನೂ ಆಚೆ ಹೋಗಲ್ಲ.” ಸೋಮವಾರದಿಂದ ಬಾ ಎಂದರಂತೆ.

ಹೀಗಿರಲು ತಮ್ಮಲ್ಲಿ ನನ್ನ ವಿನಂತಿಗಳು ಅಲ್ಪ. ತಾವು ಒಮ್ಮೆ ಬಿಡುವು ಮಾಡಿಕೊಂಡು ಊಟಕ್ಕೆ ಬಂದು, ತಟ್ಟೆಯ ಮುಂದೆ ಏನೂ ಮಾತಾಡದೆ ಕೂತು, ನಮ್ಮ ಗೆಣಸು ಬೇಯುವ ತನಕ ಕಾಯುವುದನ್ನು ಕಲಿಯಬೇಕು. ಬಾಕಿ ಅರವತ್ತೆರಡು ಕಂಪನಿಗಳ ಯಂತ್ರಗಳಿಗೂ ಅದನ್ನು ಕಲಿಸಬೇಕು. ನನ್ನ ನಾಯಕತ್ವದ ಅಂಕಗಳಲ್ಲಿ ನಲವತ್ತನ್ನು ಬಸ್ ನಿಲ್ದಾಣದ ಮೇನೇಜರರಿಗೆ ವರ್ಗಾಯಿಸಬೇಕು. ಅವರಿಗೆ ಬಹಳ ಅಗತ್ಯವಿದೆ.

ತಾವು ಕೊಟ್ಟ ಅಂಕಕ್ಕೂ ಬಾಯಿ ಮುಚ್ಚದ, ತಮ್ಮ ವಿಶ್ವಾಸಿ,
ಲಿದುವೀನಾ ಒಹೇದಾ

ವಿ.ಸೂ.: ಈ ಪತ್ರ ಕಳಿಸುವಾಗ ತಮ್ಮ ಜಾಲತಾಣವು ‘ನಾನು ಯಂತ್ರವಲ್ಲ’ ಎಂದು ಸಾಬೀತು ಮಾಡಲು, ಚಿತ್ರಗಳಲ್ಲಿ ಟ್ರಾಫಿಕ್ ದೀಪಗಳನ್ನು ಗುರುತಿಸೆಂದು ನನ್ನನ್ನೇ ಕೇಳಿತು. ಮೂರು ಸಲ ತಪ್ಪಾದ್ದರಿಂದ, ತಮ್ಮ ಪ್ರಕಾರ ಸದ್ಯ ನಾನು ತಮ್ಮ ಬಳಗದವಳು. ಪಕ್ಕದಲ್ಲೇ ಕೂತಿದ್ದ ಬೆನಿಗ್ನಾಳಿಗೆ ಉತ್ತರ ಹೇಳೆಂದರೆ, “ಅವಸರ ಮಾಡ್ಬೇಡಮ್ಮಾ, ನಿಧಾನಕ್ಕೆ ನೋಡು, ನಾನು ಕಾಯ್ತೀನಿ” ಎಂದು ನಗುತ್ತಿದ್ದಾಳೆ.