ಗ್ರೂಪಿಗೆ ಒಗ್ಗದ ಸೋದರಮಾವ

ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಸೋದರಮಾವನಷ್ಟು ಕೆಟ್ಟ ಮನುಷ್ಯ ಇನ್ನೊಬ್ಬರಿಲ್ಲ. ಶುಭೋದಯ ಎಂದರೆ "ಯಾಕ?" ಎಂದು ಕೇಳುವವರನ್ನು ಒಳ್ಳೆಯವರು ಅನ್ನುವುದು ಹೇಗೆ, ನೀವೇ ಹೇಳಿ!

ತಪ್ಪು ಅವರದಲ್ಲ, ಸಹವಾಸದ್ದು. ಶಹಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ ಕಾಲದಿಂದಲೂ ಮಾಮಾ ಹಳೆಯ ರೇಡಿಯೊ ರಿಪೇರಿಯ ಒಂದು ಆನ್‌ಲೈನ್ ಫೋರಂನ ಸದಸ್ಯರು. ಅಲ್ಲಿ ಒಬ್ಬ "ರೇಡಿಯೊ ಗೊರಗೊರ ಅನ್ನುತ್ತಿದೆ" ಎಂದು ಬರೆದರೆ, ಇನ್ನೊಬ್ಬ ನಾಲ್ಕು ದಿನ ಯೋಚಿಸಿ "ಯಾವ ಮಾಡೆಲ್? ಯಾವಾಗಿನಿಂದ? ಹಿಂದಿನ ಮುಚ್ಚಳ ತೆಗೆದು ನೋಡಿದ್ದೀರಾ?" ಎಂದು ಕೇಳುತ್ತಿದ್ದನಂತೆ. ಅದಕ್ಕೆ ಉತ್ತರ ಬರೆದು ಮತ್ತೆ ಒಂದು ವಾರ ಕಾಯುವುದು. ಅಬ್ಬಾ, ಎಂಥ ಹಿಂದುಳಿದ ಜನ! ನಾವೋ, ಪ್ರಶ್ನೆ ಓದುವ ಮೊದಲೇ ಹೆಬ್ಬೆರಳು ಎತ್ತುವಷ್ಟು ಮುಂದುವರಿದಿದ್ದೇವೆ.

ಇಂಥವರನ್ನು ಗ್ರೂಪಿಗೆ ಸೇರಿಸಿದ ಪುಣ್ಯಾತ್ಮ, ಅಂದರೆ ಅಡ್ಮಿನ್, ನಾನೇ. ಅವ್ವನ ತಂಗಿ, ಸುರಪುರದ ಚಿಗವ್ವ, ಬೆಳಿಗ್ಗೆ ಸೂರ್ಯಕಾಂತಿಯ ಚಿತ್ರ ಹಾಕಿದರೆ ಮಾಮಾ, "ನಿನ್ನೆನೂ ಇದನ್ನೇ ಹಾಕಿದ್ದಿ. ಹಿಂದಿಂದು ನೋಡಿ ಹಾಕಬೇಕು" ಎಂದು ಬರೆಯುವರು. ಆಕೆಯ ಮಗ "ಈ ಮೆಸೇಜನ್ನು ಹತ್ತು ಜನರಿಗೆ ಕಳಿಸಿದರೆ ಸಂಜೆಯೊಳಗೆ ಶುಭ" ಎಂದು ಹಾಕಿದ. ಸಂಜೆ ಸರಿಯಾಗಿ ವಿಚಾರಣೆ: "ಶುಭ ಆತೇನಪಾ? ಏನಾತು, ವಿವರ ಹಾಕು." ಹುಡುಗ ಗ್ರೂಪು ಬಿಟ್ಟೇ ಹೋದ!

ಚಿಗವ್ವ ಫೋನಿನಲ್ಲೇ ಉರಿದುಬಿದ್ದಳು. "ಅಣ್ಣ ಆದ್ರ ಮನ್ಯಾಗ. ಅವನ್ನ ಗ್ರೂಪಿನ್ಯಾಗಿಂದ ತಗದ ಒಗಿ. ಇಲ್ಲಾಂದ್ರ ನಾನೂ ಹೋಗ್ತೀನಿ ನೋಡು!"

ತೆಗೆದೇಬಿಡುತ್ತಿದ್ದೆ. ಅಷ್ಟರಲ್ಲಿ ಯಾದಗಿರಿಯ ನಮ್ಮ ಮನೆಯ ಬಚ್ಚಲಲ್ಲಿ ಅವ್ವ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಕೆಲವು ವಾರಗಳ ಮೇಲೆ ಪ್ಲಾಸ್ಟರ್ ಬಿಚ್ಚಿದ ಡಾಕ್ಟರು, "ಇನ್ನು ನಡೆಸಿ. ಹಾಸಿಗೆ ಹಿಡಿದರೆ ಕಷ್ಟ" ಎಂದರು. ಅವ್ವ ಮಂಚ ಇಳಿಯಲೊಲ್ಲಳು. ಗದರಿಸಿದೆ, ಕಾಡಿ ಬೇಡಿದೆ. ಹೀಗೇ ಮಲಗಿಬಿಟ್ಟರೆ ಗತಿಯೇನೆಂದು ನಿಜವಾಗಿಯೂ ಹೆದರಿದೆ. ಕೊನೆಗೆ ಗ್ರೂಪಿನಲ್ಲಿ ಬರೆದೆ: "ಅವ್ವ ನಡಿಯಾಕ ಒಲ್ಲೆ ಅಂತಾಳ. ಏನ್ ಮಾಡ್ಲಿ?"

ಬಂದವು ನೋಡಿ ಉತ್ತರಗಳು! ಮುಗಿದ ಕೈ, ಗುಲಾಬಿ, ಮತ್ತೆ ಮುಗಿದ ಕೈ. ಚಿಗವ್ವನಿಂದ ಸಾಲಾಗಿ ಅಳುವ ಮುಖಗಳು. ಒಬ್ಬರು ಅರಿಶಿನ ನೀರಿನ ವಿಡಿಯೊ ಹಾಕಿದರು. ಯಾರೋ ಕೈತಪ್ಪಿ ಹುಟ್ಟುಹಬ್ಬದ ಕೇಕ್ ಕಳಿಸಿದರು. ಅದಕ್ಕೂ ಹೆಬ್ಬೆರಳು ಎತ್ತಿದವರಿದ್ದರು!

ಮಾಮಾ ಮಾತ್ರ, "ಯಾವ ಕಾಲು? ನೋವು ಅದನೋ, ಅಂಜಿಕಿ ಅದನೋ? ಆಕಿಗಿ ಕೇಳೀಯೇನು?" ಎಂದು ಬರೆದರು.

ಮೈ ಉರಿಯಿತು. ನಮ್ಮವ್ವನೇನು ಕೆಟ್ಟ ರೇಡಿಯೊವೇ? ನಾನು ಉತ್ತರಿಸಲಿಲ್ಲ. ಮರುದಿನ ಮೊದಲ ಬಸ್ಸಿಗೇ ಬಂದು ಮಾಮಾ ಬಾಗಿಲಲ್ಲಿ ನಿಂತಿದ್ದರು.

"ನೀ ಉತ್ತರ ಹಾಕಲಿಲ್ಲ. ಅದಕ್ಕ ನಾನೇ ಕೇಳಾಕ ಬಂದೀನಿ."

ಮಂಚದ ಪಕ್ಕ ನೆಲದ ಮೇಲೆ ಕುಳಿತು, "ಅಕ್ಕಾ, ಯಾಕ ಏಳವಲ್ಲಿ?" ಎಂದು ಕೇಳಿ ಕಾದರು. ಅವ್ವ ಗೋಡೆ ನೋಡುತ್ತಿದ್ದಳು. ನಾನು ಬಾಯಿ ಹಾಕಲು ಹೋದರೆ ಮಾಮಾ ಕೈಸನ್ನೆ ಮಾಡಿ ತಡೆದರು. ಅವರಿಗೆ ಕೊಟ್ಟ ಚಹಾ ಆರಿಹೋಯಿತು. ಅವರಿಗೆ ಅವಸರವೇ ಇರಲಿಲ್ಲ.

"ಆವತ್ತ ನನ್ನ ಎತ್ತುವಾಗ ಈ ನನ್ನ ಮಗ ಸಣ್ಣ ಕೂಸಿನಂಗ ಅಳಾಕತ್ತಿದ್ದ, ತಮ್ಮಾ," ಅವ್ವ ಗೋಡೆಗೇ ಹೇಳಿದಳು. "ಮತ್ತ ಬಿದ್ರ ಇವ ಹೆಂಗ ತಡಕೋತಾನ?"

ಮಾಮಾ ಉಪದೇಶ ಮಾಡಲಿಲ್ಲ. ಎದ್ದು ಅವ್ವನಿಗೆ ಹೆಗಲು ಕೊಟ್ಟು, "ಆ ಕಡಿ ನೀ ಹಿಡಿ" ಎಂದರು ನನಗೆ. ಅವ್ವ ನನ್ನ ಮುಖವನ್ನೇ ನೋಡಿದಳು. ಈ ಸಲ ಅಳಲಿಲ್ಲ, ನಕ್ಕೆ. ನಗುತ್ತಲೇ ಇದ್ದೆ. ಅವ್ವ ಮೆಲ್ಲಗೆ ಕಾಲು ನೆಲಕ್ಕಿಟ್ಟಳು.